ಆ ಬಾಗಿಲನ್ನೇ ಕತ್ತರಿಸಿಬಿಟ್ಟರು

ಈಗ ರಾತ್ರಿ ಹನ್ನೊಂದೂವರೆ. ನಾಟಕ ನೋಡಿ ಬಂದು ಎರಡು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆವರೆಗೆ ಕಾದರೆ ಮೆತ್ತಗಾಗಿಬಿಡುತ್ತೇನೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನನ್ನನ್ನು ಬಲ್ಲವರಿಗೆ ಗೊತ್ತು, ಡಿಸೆಂಬರ್ ಬಂತೆಂದರೆ ನನಗೆ ದೆವ್ವದ ಕಥೆ ಬೇಕು. ಹೆದರಿಸುವ ದೆವ್ವ ಅಲ್ಲ. ಎದುರು ಕುರ್ಚಿಯಲ್ಲಿ ಕೂತು ಮಾತಾಡುವ ದೆವ್ವ, ನಗಿಸುವ ದೆವ್ವ, ಮುನಿಸಿಕೊಂಡ ಮನೆಯವರನ್ನು ಒಂದೇ ಕೋಣೆಗೆ ತರುವ ದೆವ್ವ. ಅಂಥ ಕಥೆಗಳಿಗೆಲ್ಲ ಹಿರಿಯಣ್ಣ ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’. ಜಿಪುಣ ಮುದುಕ ಸ್ಕ್ರೂಜ್ ದೆವ್ವಗಳ ಕೈಗೆ ಸಿಕ್ಕಿ ಬದಲಾಗುವ ಕಥೆ. 1843ರ ಡಿಸೆಂಬರ್ 19ಕ್ಕೆ ಪುಸ್ತಕ ಬಂತು, ಮೊದಲು ಅಚ್ಚಾದ 6,000 ಪ್ರತಿ ಕ್ರಿಸ್‌ಮಸ್‌ನ ಹಿಂದಿನ ದಿನದೊಳಗೆ ಖಾಲಿಯಾಯಿತು. ನಾನು ಪ್ರತಿ ವರ್ಷ ಓದುತ್ತೇನೆ. ಇವತ್ತು ಅದನ್ನೇ ಮಕ್ಕಳಿಗಾಗಿ ಒಂದು ಗಂಟೆಯ ನಾಟಕ ಮಾಡಿದ್ದಾರೆ ಅಂತ ಗೊತ್ತಾಗಿ, ಅಣ್ಣನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ತಂಡದ ಹೆಸರು ಬೇಡ. ಹುಡುಗರು ಚೆನ್ನಾಗಿ ನಟಿಸಿದರು, ತಪ್ಪು ಅವರದಲ್ಲ.

ತಪ್ಪು ಕತ್ತರಿ ಹಿಡಿದವರದು.

ಸ್ಕ್ರೂಜ್‌ನ ವ್ಯಾಪಾರದ ಪಾಲುದಾರನಾಗಿದ್ದು ಸತ್ತುಹೋದ ಮಾರ್ಲಿಯ ದೆವ್ವ ಸರಪಳಿ ಎಳೆದುಕೊಂಡು ಬರುವುದಕ್ಕೆ ಪೂರ್ತಿ ಹತ್ತು ನಿಮಿಷ ಕೊಟ್ಟರು. ಹೊಗೆ, ಹಸಿರು ಬೆಳಕು, ಕಿವಿ ಕಿವುಡಾಗುವಷ್ಟು ಸದ್ದು. ಹಿಂದಿನ ಸಾಲಿನಲ್ಲಿ ಒಂದು ಮಗು ಅತ್ತೇಬಿಟ್ಟಿತು. ಆಮೇಲೆ ಎಲ್ಲವೂ ಓಡೋಡಿ. ಸ್ಕ್ರೂಜ್ ಎದ್ದ, ಕಿಟಕಿ ತೆಗೆದ, ಬಡ ಗುಮಾಸ್ತನ ಮನೆಗೆ ದೊಡ್ಡ ಟರ್ಕಿ ಕೋಳಿ ಕಳಿಸಿದ, ಎಲ್ಲರೂ ಕೈ ಹಿಡಿದು ಹಾಡಿದರು, ದೀಪ ಹತ್ತಿತು. ನಾನು ಕಾಯುತ್ತಲೇ ಇದ್ದೆ. ಜನ ಎದ್ದು ಚಪ್ಪಾಳೆ ತಟ್ಟುವಾಗಲೂ, ಇನ್ನೊಂದು ದೃಶ್ಯ ಇದೆಯಲ್ಲ, ಬರುತ್ತದೆ ಅಂತ ಕೂತೇ ಇದ್ದೆ. ಬರಲಿಲ್ಲ. ಫ್ರೆಡ್‌ನ ಮನೆಯ ಬಾಗಿಲು ಬರಲೇ ಇಲ್ಲ.

ಆ ಬಾಗಿಲು ಯಾವುದು ಅಂತ ಮರೆತವರಿಗೆ ಹೇಳುತ್ತೇನೆ.

ಕಥೆಯ ಶುರುವಿನಲ್ಲಿ ಫ್ರೆಡ್ ನಗುನಗುತ್ತಾ ಸ್ಕ್ರೂಜ್‌ನ ಕಚೇರಿಗೆ ಬಂದು, ನಾಳೆ ಊಟಕ್ಕೆ ಬನ್ನಿ ಅಂತ ಕರೆಯುತ್ತಾನೆ. ಸ್ಕ್ರೂಜ್ ಬೈದು ಕಳಿಸುತ್ತಾನೆ. ನೀನು ಮದುವೆ ಯಾಕಾದೆ ಅಂತ ಕೇಳುತ್ತಾನೆ. ಪ್ರೀತಿಸಿದೆ, ಅದಕ್ಕೆ ಆದೆ ಅನ್ನುತ್ತಾನೆ ಫ್ರೆಡ್. ಇಂಗ್ಲಿಷ್‌ನಲ್ಲಿ ಇಬ್ಬರ ನಂಟಿಗೆ ಇರುವುದು ‘ಅಂಕಲ್’ ಅನ್ನುವ ಒಂದು ಬೋಳು ಶಬ್ದ. ಕನ್ನಡದಲ್ಲಿ ಓದಿ ನೋಡಿ, ತಟ್ಟನೆ ಎದೆಗೆ ನಾಟುತ್ತದೆ. ಸ್ಕ್ರೂಜ್ ಸೋದರಮಾವ. ಫ್ರೆಡ್ ಅವನ ತಂಗಿ ಫ್ಯಾನ್‌ಳ ಮಗ. ಅವಳು ಬಿಟ್ಟುಹೋದ ಒಂದೇ ಕುಡಿ. ಚಿಕ್ಕವನಿದ್ದಾಗ ರಜೆಯಲ್ಲೂ ಶಾಲೆಯಲ್ಲೇ ಒಬ್ಬಂಟಿಯಾಗಿ ಉಳಿದ ಸ್ಕ್ರೂಜ್‌ನನ್ನು ಮನೆಗೆ ಕರೆದೊಯ್ಯಲು ಓಡಿಬಂದವಳು ಅವಳೇ. ಅಪ್ಪ ಈಗ ಮೊದಲಿನ ಹಾಗಿಲ್ಲ, ಮೃದುವಾಗಿದ್ದಾರೆ, ನಿನ್ನನ್ನು ಕರೆತರಲು ಅವರೇ ಕಳಿಸಿದರು ಅಂತ ಅಣ್ಣನ ಕುತ್ತಿಗೆಗೆ ಜೋತುಬೀಳುತ್ತಾಳೆ. ಅಂದರೆ ಈ ಕಥೆಯೊಳಗೆ ಆಗಲೇ ಒಂದು ರಾಜಿ ಇತ್ತು, ಅದನ್ನು ಮಾಡಿಸಿದ್ದು ಒಬ್ಬ ಪುಟ್ಟ ಹುಡುಗಿ. ಅವಳ ಮಗನನ್ನೇ ಸ್ಕ್ರೂಜ್ ಬಾಗಿಲಿನಿಂದ ಅಟ್ಟಿದ್ದು.

ಈಗ ಕ್ರಿಸ್‌ಮಸ್ ದಿನ. ಹಿಂದಿನ, ಇಂದಿನ, ಮುಂದಿನ ಕ್ರಿಸ್‌ಮಸ್ ತೋರಿಸಲು ಬಂದಿದ್ದ ಮೂರೂ ಭೂತಗಳು ಹೋಗಿಯಾಗಿದೆ. ಸ್ಕ್ರೂಜ್ ಒಬ್ಬನೇ ನಡೆದುಕೊಂಡು ಫ್ರೆಡ್‌ನ ಮನೆ ಹತ್ತಿರ ಬರುತ್ತಾನೆ. ಬಾಗಿಲ ಮುಂದೆ ಹಾದುಹೋಗುತ್ತಾನೆ. ತಿರುಗಿ ಬರುತ್ತಾನೆ. ಮತ್ತೆ ಹಾದುಹೋಗುತ್ತಾನೆ. ಹನ್ನೆರಡು ಸಲ ಹೀಗೆ ಓಡಾಡಿದ ಮೇಲೆ ಅವನಿಗೆ ಬಾಗಿಲು ತಟ್ಟುವ ಧೈರ್ಯ ಬಂತು ಅಂತ ಡಿಕನ್ಸ್ ಬರೆಯುತ್ತಾನೆ. ಮಾರ್ಲಿಯ ದೆವ್ವದ ಎದುರು ಕೂತು ಮಾತಾಡಿದ ಮನುಷ್ಯ, ತನ್ನದೇ ಗೋರಿಕಲ್ಲು ನೋಡಿ ಬಂದ ಮನುಷ್ಯ, ಸ್ವಂತ ತಂಗಿಯ ಮಗನ ಬಾಗಿಲು ತಟ್ಟಲು ಹನ್ನೆರಡು ಸಲ ಹಿಂದೆ ಮುಂದೆ ನೋಡುತ್ತಾನೆ! ಒಳಗೆ ಹೋದ ಮೇಲೂ ಅಷ್ಟೇ, ಊಟದ ಕೋಣೆಯ ಬಾಗಿಲನ್ನು ಮೆಲ್ಲಗೆ ಸರಿಸಿ ಮುಖ ಮಾತ್ರ ಇಣುಕಿಸುತ್ತಾನೆ. ನಾನು ನಿನ್ನ ಮಾವ, ಊಟಕ್ಕೆ ಬಂದಿದ್ದೇನೆ, ಒಳಗೆ ಬಿಡ್ತೀಯಾ ಫ್ರೆಡ್?

ಒಳಗೆ ಬಿಡ್ತೀಯಾ ಅಂತ ಕೇಳುವ ಮಾತಿದೆಯಲ್ಲ, ಅದಕ್ಕಾಗಿಯೇ ಇಡೀ ಕಥೆ ಇರುವುದು. ಅದನ್ನೇ ಕತ್ತರಿಸಿದರು.

ಹೊರಗೆ ಬಂದಾಗ ನಿರ್ದೇಶಕರು ಸಿಕ್ಕರು. ತಡೆಯಲಾಗದೆ ಕೇಳಿದೆ. ಸಮಾಧಾನವಾಗಿಯೇ ಉತ್ತರ ಕೊಟ್ಟರು. ಇದು ಬಡವರ ಬಗ್ಗೆ ಇರುವ ಕಥೆ ಅಲ್ವಾ ಮೇಡಂ, ಅಳಿಯನದು ಪಕ್ಕದ ಕಥೆ, ಮಕ್ಕಳಿಗೆ ಅಷ್ಟು ಹೊತ್ತು ಕೂರೋಕಾಗಲ್ಲ ಅಂದರು. ಅವರ ಮಾತಿನಲ್ಲಿ ನಿಜ ಇಲ್ಲ ಅನ್ನಲಾರೆ. ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿ ಕಂಡು ಸಿಟ್ಟಿಗೆದ್ದೇ ಡಿಕನ್ಸ್ ಇದನ್ನು ಬರೆದದ್ದು. ಬಾಬ್ ಕ್ರಾಚಿಟ್‌ನ ಮನೆಯ, ಅಂದರೆ ಆ ಬಡ ಗುಮಾಸ್ತನ ಮನೆಯ, ಕಾಯಿಲೆಯ ಹುಡುಗ ಪುಟ್ಟ ಟಿಮ್‌ಗಾಗಿ ನಾನೂ ಅತ್ತಿದ್ದೇನೆ. ಆದರೆ ಒಂದು ವಿಷಯ ನೋಡಿ. ಕ್ರಾಚಿಟ್ ಮನೆಗೆ ಆ ಕೋಳಿಯನ್ನು ಸ್ಕ್ರೂಜ್ ಕೈಯಾರೆ ಒಯ್ಯಲಿಲ್ಲ. ಬೀದಿಯಲ್ಲಿದ್ದ ಹುಡುಗನಿಂದ ತರಿಸಿದ, ಬಾಡಿಗೆ ಗಾಡಿಯಲ್ಲಿ ಕಳಿಸಿದ, ಕಳಿಸಿದ್ದು ಯಾರು ಅಂತ ತಿಳಿಯಬಾರದು ಅಂದ. ಮರುದಿನ ಬಾಬ್‌ನ ಸಂಬಳ ಹೆಚ್ಚಿಸಿದ್ದೂ ಯಜಮಾನನಾಗಿಯೇ. ಕೊಡುವಾಗ ಕೈ ಮೇಲಿರುತ್ತದೆ. ಫ್ರೆಡ್‌ನ ಬಾಗಿಲಲ್ಲಿ ಹಾಗಲ್ಲ. ಅಲ್ಲಿಗೆ ಯಾರನ್ನೂ ಕಳಿಸುವ ಹಾಗಿಲ್ಲ, ತಾನೇ ಹೋಗಬೇಕು. ಅಲ್ಲಿ ದುಡ್ಡು ನಡೆಯುವುದಿಲ್ಲ. ಅಲ್ಲಿ ಅವನೇ ಬೇಡುವವನು.

ಇದು ಪಕ್ಕದ ಕಥೆಯಂತೆ!

ನಗುವನ್ನೂ ಕತ್ತರಿಸಿದ್ದಾರೆ, ಅದು ಇನ್ನೊಂದು ನೋವು. ಪುಸ್ತಕದಲ್ಲಿ ಮಾರ್ಲಿ ಬಂದಾಗ ಸ್ಕ್ರೂಜ್, ನಿನಗೆ ಕೂರೋಕೆ ಬರುತ್ತಾ ಅಂತ ಕೇಳುತ್ತಾನೆ. ಆರಪಾರ ಕಾಣುವ ದೆವ್ವಕ್ಕೆ ಕುರ್ಚಿ ಆದೀತೋ ಇಲ್ಲವೋ ಅನ್ನುವ ಅನುಮಾನ. ನೀನು ದೆವ್ವವೇ ಅಲ್ಲ, ನನಗೆ ಅರಗದ ಮಾಂಸದ ಚೂರು ಇರಬೇಕು ಅಂತಾನೆ. ಹೆದರಿಕೆ ಮುಚ್ಚಿಕೊಳ್ಳಲು ಹಾಗೆ ಮಾತಾಡುತ್ತಾನೆ. ಕೇಳಿ ನಗು ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ. 1887ರಲ್ಲಿ ಆಸ್ಕರ್ ವೈಲ್ಡ್ ಬರೆದ ಕ್ಯಾಂಟರ್‌ವಿಲ್ ದೆವ್ವದ ಕಥೆಯಲ್ಲಿ ಮನೆಯ ಯಜಮಾನ ದೆವ್ವಕ್ಕೆ ಎಣ್ಣೆ ಸೀಸೆ ಕೊಟ್ಟು, ಸರಪಳಿಗೆ ಹಚ್ಚಿಕೊಳ್ಳಿ, ಸದ್ದಿಗೆ ನಿದ್ದೆ ಬರುತ್ತಿಲ್ಲ ಅನ್ನುತ್ತಾನೆ. ಇಂಥ ಕಡೆ ನಕ್ಕಾಗ ಮನಸ್ಸಿನ ಬಿಗಿ ಸಡಿಲವಾಗುತ್ತದೆ. ಸಡಿಲವಾದ ಮನಸ್ಸಿಗೇ ಮುಂದಿನ ಮಾತು ಇಳಿಯುವುದು. ಹೊಗೆ ಬಿಟ್ಟು ಮಗುವನ್ನು ಅಳಿಸಿದರೆ ಅದು ಕಣ್ಣು ಮುಚ್ಚಿಕೊಳ್ಳುತ್ತದೆ, ಅಷ್ಟೇ.

ಫ್ರೆಡ್‌ನ ಮನೆಯ ಆಟದ ದೃಶ್ಯವೂ ಇರಲಿಲ್ಲ. ಎರಡನೆಯ ಭೂತ ಸ್ಕ್ರೂಜ್‌ನನ್ನು ಆ ಮನೆಯೊಳಗೇ ತಂದು ನಿಲ್ಲಿಸುತ್ತದೆ. ಎಲ್ಲರೂ ಒಗಟಿನ ಆಟ ಆಡುತ್ತಿದ್ದಾರೆ. ಒಂದು ಪ್ರಾಣಿ, ಗುರ್ ಅನ್ನುತ್ತದೆ, ಲಂಡನ್‌ನಲ್ಲಿರುತ್ತದೆ, ಯಾವುದು ಹೇಳಿ? ಉತ್ತರ, ನಮ್ಮ ಸ್ಕ್ರೂಜ್ ಮಾವ! ಮನೆಯೆಲ್ಲ ನಗು. ಆಮೇಲೆ ಫ್ರೆಡ್ ಅದೇ ಮಾವನ ಆರೋಗ್ಯಕ್ಕೆಂದು ಲೋಟ ಎತ್ತುತ್ತಾನೆ. ಅವರು ಬರಲಿ ಬಿಡಲಿ, ಪ್ರತಿ ವರ್ಷ ನಾನು ಹೋಗಿ ಕರೆಯುವವನೇ ಅನ್ನುತ್ತಾನೆ. ಸ್ಕ್ರೂಜ್ ಯಾರ ಕಣ್ಣಿಗೂ ಕಾಣುತ್ತಿಲ್ಲ. ಆದರೂ ಆಟದಲ್ಲಿ ಉತ್ತರ ಕೂಗುತ್ತಾನೆ, ಇನ್ನು ಅರ್ಧ ಗಂಟೆ ಇರೋಣ ಅಂತ ಭೂತವನ್ನು ಮಗುವಿನ ಹಾಗೆ ಗೋಗರೆಯುತ್ತಾನೆ.

ಆ ಕೋಣೆಯಲ್ಲಿ ದೆವ್ವ ಯಾರು ಹೇಳಿ? ಸ್ಕ್ರೂಜ್ ತಾನೇ. ಅವನಿಗೆ ಎಲ್ಲರೂ ಕಾಣುತ್ತಾರೆ, ಅವನು ಯಾರಿಗೂ ಕಾಣುವುದಿಲ್ಲ. ನಂಟು ಕಡಿದುಕೊಂಡವರ ಸ್ಥಿತಿ ಅದು. ನನಗೆ ಗೊತ್ತು.

ಹೌದು, ನನಗೆ ಗೊತ್ತು. ನನ್ನ ಹಳೆಯ ಓದುಗರಿಗೆ ಅರ್ಧ ಕಥೆ ಗೊತ್ತಿದೆ, ಉಳಿದರ್ಧ ಇವತ್ತು ಹೇಳಿಬಿಡುತ್ತೇನೆ. ಅಪ್ಪನ ಕೊನೆಯ ವಾರದಲ್ಲಿ ಇನ್ನೊಂದು ಆಪರೇಷನ್ ಮಾಡಿಸೋಣ ಅಂತ ಅಣ್ಣ, ಬೇಡ ಮನೆಗೆ ಕರೆದೊಯ್ಯೋಣ ಅಂತ ನಾನು. ಮನೆಗೆ ಕರೆತಂದೆವು. ಅಪ್ಪ ಹೋದರು. ಮಣ್ಣು ಮಾಡಿ ಬಂದ ಸಂಜೆ ಅಣ್ಣ ಒಂದು ಮಾತು ಅಂದ, ನಾನು ಅದಕ್ಕಿಂತ ಕೆಟ್ಟದ್ದು ಅಂದೆ. ಆಮೇಲೆ ಎರಡು ವರ್ಷ ಮಾತಿಲ್ಲ. ಅವನ ಮಗಳ ಫೋಟೋವನ್ನು ಬೇರೆಯವರ ಫೋನಿನಲ್ಲಿ ನೋಡುತ್ತಿದ್ದೆ. ಒಮ್ಮೆ ಅವನ ಮನೆಯ ಗೇಟಿನವರೆಗೆ ಹೋಗಿ, ಒಳಗೆ ದೀಪ ಉರಿಯುತ್ತಿದ್ದದ್ದನ್ನು ನೋಡಿ ವಾಪಸ್ ಬಂದೆ.

ಅಪ್ಪ ಇಲ್ಲದ ಎರಡನೇ ಕ್ರಿಸ್‌ಮಸ್. ರಾತ್ರಿ ಒಂಬತ್ತು ಇರಬಹುದು. ನಾನು, ಅಮ್ಮ ಇಬ್ಬರೇ. ಹೊರಗೆ ಕೆಮ್ಮು ಕೇಳಿಸಿತು. ಎರಡು ಸಣ್ಣ ಕೆಮ್ಮು, ಒಂದು ಉದ್ದ, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಅಪ್ಪ ಮನೆಗೆ ಬಂದಾಗ ಬಾಗಿಲಲ್ಲಿ ಕೆಮ್ಮುತ್ತಿದ್ದುದು ಹಾಗೆಯೇ, ಒಂದು ಚೂರೂ ಬೇರೆಯಿಲ್ಲ. ನನ್ನ ಕೈಕಾಲು ತಣ್ಣಗಾದವು. ಅಮ್ಮ ಹೆದರಲಿಲ್ಲ. ತಲೆಗೂದಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, “ಅವರ ಕುರ್ಚಿ ಮೇಲೆ ಬಟ್ಟೆ ರಾಶಿ ಹಾಕಿದ್ದೀಯಲ್ಲೇ, ಬೇಗ ತೆಗಿ” ಅಂದರು. ನಾನೂ ತೆಗೆದೆ! ಮಡಚಿಟ್ಟ ಬಟ್ಟೆಯನ್ನೆಲ್ಲ ಎದೆಗೆ ಅವುಚಿಕೊಂಡೇ ಹೋಗಿ ಬಾಗಿಲು ತೆಗೆದೆ.

ಅಣ್ಣ ನಿಂತಿದ್ದ. ಇಪ್ಪತ್ತು ನಿಮಿಷದಿಂದ ನಿಂತಿದ್ದನಂತೆ. ಬೆಲ್ ಒತ್ತಲು ಕೈ ಬರದೆ, ತನಗೇ ಗೊತ್ತಿಲ್ಲದೆ ಕೆಮ್ಮಿದ್ದಾನೆ.

“ಯಾರೇ, ಅವರೇನಾ?” ಅಂತ ಒಳಗಿನಿಂದ ಅಮ್ಮ.

“ನಾನಮ್ಮಾ” ಅಂದ ಅಣ್ಣ.

“ಸತ್ತವರ ಥರ ಕೆಮ್ಮಬೇಡ, ಒಳಗೆ ಬಾ!”

ಮೊದಲು ನಕ್ಕಿದ್ದು ಯಾರು ಅಂತ ಈಗಲೂ ನಮ್ಮಲ್ಲಿ ತಕರಾರಿದೆ. ನಕ್ಕು ನಕ್ಕು ನನ್ನ ಕೈಯಲ್ಲಿದ್ದ ಬಟ್ಟೆ ಹೊಸ್ತಿಲ ಮೇಲೆ ಬಿತ್ತು, ಅಣ್ಣ ಬಗ್ಗಿ ಎತ್ತಿಕೊಟ್ಟ. ಅಷ್ಟೇ ನಡೆದದ್ದು. ಕ್ಷಮೆ ಕೇಳಿದ್ದೆಲ್ಲ ಮೂರು ದಿನ ಬಿಟ್ಟು. ಅಪ್ಪನ ಕೆಮ್ಮು ಬಾಗಿಲವರೆಗೆ ತಂದಿತು. ಆದರೆ ಬಂದದ್ದು ಅಣ್ಣ, ತೆಗೆದದ್ದು ನಾನು. ಅಲ್ಲಿಯವರೆಗೆ ಬರಲು ಅವನು ಎಷ್ಟು ಸಲ ಹೊರಟು ಎಷ್ಟು ಸಲ ತಿರುಗಿ ಹೋಗಿದ್ದನೋ, ನಾನು ಕೇಳಿಲ್ಲ.

ಆ ಎರಡು ವರ್ಷ ನನಗೆ ಎಷ್ಟೊಂದು ಜನ ಹೇಳಿದರು, ಹಳೆಯದನ್ನು ಮರೆತುಬಿಡು ಅಂತ. ನನಗೆ ಆ ಮಾತು ಆಗುವುದೇ ಇಲ್ಲ. ಡಿಕನ್ಸ್ 1848ರ ಕ್ರಿಸ್‌ಮಸ್‌ಗೆ ‘ದಿ ಹಾಂಟೆಡ್ ಮ್ಯಾನ್’ ಅಂತ ಇನ್ನೊಂದು ಭೂತದ ಕಥೆ ಬರೆದ. ಅದರಲ್ಲಿ ರೆಡ್ಲಾ ಅನ್ನುವ ರಸಾಯನಶಾಸ್ತ್ರದ ಮೇಷ್ಟ್ರಿಗೆ ಭೂತ ಒಂದು ವರ ಕೊಡುತ್ತದೆ. ನಿನಗಾದ ನೋವು, ಅನ್ಯಾಯ ಎಲ್ಲ ನೆನಪಿನಿಂದ ಅಳಿಸಿಹೋಗಲಿ ಅಂತ. ಅಳಿಸಿಹೋಗುತ್ತದೆ. ಜೊತೆಗೆ ಅವನ ಕರುಣೆಯೂ ಹೋಗುತ್ತದೆ. ಅವನು ಹತ್ತಿರ ಹೋದವರಿಗೆಲ್ಲ ಅದು ಅಂಟುತ್ತದೆ, ಅನ್ಯೋನ್ಯವಾಗಿದ್ದ ಗಂಡ ಹೆಂಡತಿ ಕಚ್ಚಾಡಲು ಶುರು ಮಾಡುತ್ತಾರೆ. ನೋವು ನೆನಪಿದ್ದರೆ ತಾನೇ ಕ್ಷಮಿಸುವುದು? ಅಣ್ಣ ಅಂದ ಮಾತು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. ಅವನಿಗೂ ನನ್ನದು ನೆನಪಿದೆ. ಆದರೂ ಒಟ್ಟಿಗೆ ಕೂರುತ್ತೇವೆ.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೂ ಕಥೆ ಇದೆ. 1852ರಲ್ಲಿ ಡಿಕನ್ಸ್‌ನ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಗೆ ಎಲಿಜಬೆತ್ ಗ್ಯಾಸ್ಕೆಲ್ ಬರೆದದ್ದು, ‘ದಿ ಓಲ್ಡ್ ನರ್ಸಸ್ ಸ್ಟೋರಿ’. ಅಪ್ಪನೊಬ್ಬ ಮಗಳನ್ನೂ ಮೊಮ್ಮಗಳನ್ನೂ ಹಿಮದಲ್ಲಿ ಹೊರಗೆ ತಳ್ಳುತ್ತಾನೆ, ಇನ್ನೊಬ್ಬ ಮಗಳು ಸುಮ್ಮನೆ ನಿಂತು ನೋಡುತ್ತಾಳೆ. ಆ ಇನ್ನೊಬ್ಬಳು ಮುದುಕಿಯಾದ ಮೇಲೆ ಅದೇ ದೃಶ್ಯ ದೆವ್ವಗಳಾಗಿ ಕಣ್ಣ ಮುಂದೆ ಮತ್ತೆ ನಡೆಯುತ್ತದೆ. ಬೇಡ ಅಪ್ಪಾ, ಮಗುವನ್ನು ಬಿಡು ಅಂತ ಕೂಗುತ್ತಾಳೆ. ದೆವ್ವಗಳಿಗೆ ಕೇಳಿಸುವುದಿಲ್ಲ. ಅದೂ ಬಾಗಿಲ ಕಥೆಯೇ. ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮಕ್ಕಳಿಗೆ ಅಷ್ಟು ಹೊತ್ತು ಕೂರೋಕಾಗಲ್ಲ ಅಂದರಲ್ಲ ನಿರ್ದೇಶಕರು. ದಾರಿಯಲ್ಲಿ ಅಣ್ಣನ ಮಗಳು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? “ಅತ್ತೆ, ಆ ನಗ್ತಿದ್ದ ಅಣ್ಣ ಊಟಕ್ಕೆ ಕರೆದಿದ್ದರಲ್ಲ, ತಾತ ಹೋದ್ರಾ ಇಲ್ವಾ?” ಎಂಟು ವರ್ಷದ ಮಗು. ಹೊಗೆಯೂ ಬೇಡ, ಸರಪಳಿಯೂ ಬೇಡ, ಅವಳಿಗೆ ಬೇಕಿದ್ದದ್ದು ಅದು.

ಮನೆಗೆ ಬಂದು ಪುಸ್ತಕ ತೆಗೆದು, ಆ ಪುಟವನ್ನು ಕನ್ನಡದಲ್ಲಿ ಹೇಳಿದೆ. ಹನ್ನೆರಡು ಸಲ ಓಡಾಡಿದ ಅಂದಾಗ ತಡೆದಳು. ಹನ್ನೆರಡೂ ಸಲ ಹೇಳು ಅಂದಳು. ಒಂದು ಸಲ ಬಾಗಿಲ ಹತ್ತಿರ ಬಂದ, ಆಗಲಿಲ್ಲ, ಹೋದ. ಒಂದು ಬೆರಳು ಮಡಚಿದಳು. ಎರಡನೇ ಸಲ ಬಂದ, ಒಳಗೆ ನಗು ಕೇಳಿಸಿತು, ನಾಚಿಕೆಯಾಯಿತು, ಹೋದ. ಎರಡನೇ ಬೆರಳು. ಒಂದು ಕೈ ಮುಗಿದು ಇನ್ನೊಂದು ಕೈ ಶುರುವಾಯಿತು. ಒಂಬತ್ತನೇ ಸಲಕ್ಕೆ ಅವಳ ಕಣ್ಣು ಮುಚ್ಚಿತು, ಬೆರಳು ಮಾತ್ರ ಮಡಚಿದ ಹಾಗೇ ಇವೆ. ಬೆಳಿಗ್ಗೆ ಎದ್ದವಳೇ ಹತ್ತನೆಯದರಿಂದ ಕೇಳುತ್ತಾಳೆ.