ಕಾಯಿಲೆ ಬೆಳೆಯಲು ಇಪ್ಪತ್ತು ವರ್ಷ, ಅದನ್ನು ತಡೆಯಲು ಹನ್ನೆರಡು ತಿಂಗಳ ಅನುದಾನ

ಮಧುಮೇಹ ಮತ್ತು ಹೃದ್ರೋಗ ತಡೆಯುವ ಕಾರ್ಯಕ್ರಮಗಳಿಗೆ ಸರ್ಕಾರ ಹಣ ಕೊಡುವ ರೀತಿಯ ಬಗ್ಗೆ ನನಗಿರುವ ಸಿಟ್ಟನ್ನು ಇಷ್ಟು ಕಾಲ ಪರಿಶೀಲನಾ ಸಭೆಗಳಲ್ಲಿ ಮೆಲುದನಿಯಲ್ಲಿ ಹೇಳುತ್ತಾ ಬಂದೆ. ಹೇಳಿದ್ದೆಲ್ಲ ನಡಾವಳಿಯಲ್ಲಿ ‘ಗಮನಿಸಲಾಯಿತು’ ಎಂಬ ಒಂದು ಪದವಾಗಿ ಕಡತ ಸೇರಿತು. ಆದ್ದರಿಂದ ಈಗ ನೇರವಾಗಿಯೇ ಬರೆಯುತ್ತಿದ್ದೇನೆ. ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆಯುವ ಕಾಯಿಲೆಯನ್ನು ತಡೆಯುವ ಕೆಲಸಕ್ಕೆ ಒಂದೊಂದೇ ವರ್ಷದ ಲೆಕ್ಕದಲ್ಲಿ ಹಣ ಮಂಜೂರು ಮಾಡಿ, ಅದನ್ನೂ ಅರ್ಧ ವರ್ಷ ಕಳೆದ ಮೇಲೆ ಬಿಡುಗಡೆ ಮಾಡಿ, ವರ್ಷಾಂತ್ಯಕ್ಕೆ ‘ಫಲಿತಾಂಶ ಎಲ್ಲಿ’ ಎಂದು ಕೇಳುವ ಈ ಪದ್ಧತಿ ಅನ್ಯಾಯದ್ದು, ಮತ್ತು ಆ ಅನ್ಯಾಯವನ್ನು ಅನುಭವಿಸುವವರು ನಮ್ಮನ್ನು ನಂಬಿ ಬಂದ ಜನ.

ನಾನು ಇಂಥದೊಂದು ಅನುದಾನಿತ ಕಾರ್ಯಕ್ರಮದಲ್ಲಿ ಗುತ್ತಿಗೆ ಆಧಾರದ ಮೇಲೆ ಆಹಾರ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತೇನೆ. ನಮ್ಮ ಬಳಿ ಬರುವವರಲ್ಲಿ ಹೆಚ್ಚಿನವರು ಇನ್ನೂ ರೋಗಿಗಳಲ್ಲ. ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ ಶೇ. 5.7ರಿಂದ 6.4ರ ನಡುವೆ ಇರುವವರು, ಜನ ‘ಶುಗರ್ ಬಾರ್ಡರ್‌ನಲ್ಲಿದೆ’ ಎನ್ನುತ್ತಾರಲ್ಲ, ಅವರು; ರಕ್ತದೊತ್ತಡ ಮೇಲೇರುತ್ತಿದ್ದರೂ ಇನ್ನೂ ಮಾತ್ರೆ ಆರಂಭಿಸದವರು. ಇವರನ್ನು ಗುಂಪಾಗಿ ಕೂರಿಸಿ, ವಾರವಾರ ಭೇಟಿಯಾಗಿ, ತೂಕ ಇಳಿಸಲು, ನಡೆಯಲು, ತಂಬಾಕು ಬಿಡಲು, ತಟ್ಟೆಯಲ್ಲಿ ಏನು ಎಷ್ಟು ಇರಬೇಕೆಂದು ತಾವೇ ಲೆಕ್ಕ ಹಾಕಲು ಜೊತೆಯಲ್ಲಿ ನಿಲ್ಲುವುದು ನಮ್ಮ ಕೆಲಸ. ಇದು ಒಂದು ದಿನದ ಭಾಷಣದಿಂದ ಆಗುವುದಿಲ್ಲ. ಮೊದಲ ತಿಂಗಳ ಉತ್ಸಾಹ ಮೂರನೆಯ ತಿಂಗಳಿಗೆ ಇಳಿಯುತ್ತದೆ, ಮನೆಯಲ್ಲೊಂದು ಕಷ್ಟ ಬಂದರೆ ನಡಿಗೆ ನಿಲ್ಲುತ್ತದೆ, ಮತ್ತೆ ಆರಂಭಿಸಲು ಯಾರಾದರೂ ವಿಚಾರಿಸಬೇಕಾಗುತ್ತದೆ. ಆ ವಿಚಾರಿಸುವಿಕೆಯೇ ಈ ಕಾರ್ಯಕ್ರಮದ ಜೀವ, ಮತ್ತು ಅನುದಾನ ನಿಂತಾಗ ಮೊದಲು ನಿಲ್ಲುವುದೂ ಅದೇ.

ಈ ವಿಧಾನ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಬಗೆಹರಿದು ಎರಡು ದಶಕ ದಾಟಿದೆ. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ, ದೇಹದ ತೂಕವನ್ನು ಶೇ. 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವಂತಹ ಚಟುವಟಿಕೆ ಮಾಡುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು, ಸಕ್ಕರೆ ತಗ್ಗಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಆ ಇಳಿಕೆ ಶೇ. 31. ಅದಕ್ಕೂ ಒಂದು ವರ್ಷ ಮೊದಲೇ ಫಿನ್ಲೆಂಡ್‌ನ ಅಧ್ಯಯನ ಅದೇ ಶೇ. 58ರ ಇಳಿಕೆಯನ್ನು ತೋರಿಸಿತ್ತು. 2006ರಲ್ಲಿ ಪ್ರಕಟವಾದ ಭಾರತದ ಅಧ್ಯಯನದಲ್ಲೂ ಜೀವನಕ್ರಮದ ಬದಲಾವಣೆಯಿಂದ ಶೇ. 28ಕ್ಕೂ ಹೆಚ್ಚು ಇಳಿಕೆ ಕಂಡುಬಂತು.

ಆದರೆ ನನ್ನ ತಕರಾರಿಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಚೀನಾದ ದಾಚಿಂಗ್ ನಗರದ ಅಧ್ಯಯನ. 1986ರಲ್ಲಿ 577 ಜನರೊಂದಿಗೆ ಆರಂಭವಾದ ಅದರಲ್ಲಿ ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ನಡೆದದ್ದು ಆರು ವರ್ಷ. ಇಪ್ಪತ್ತನೆಯ ವರ್ಷದಲ್ಲಿ ಲೆಕ್ಕ ನೋಡಿದಾಗ ಮಧುಮೇಹ ತಗ್ಗಿದ್ದು ಸ್ಪಷ್ಟವಾಗಿತ್ತು, ಹೃದ್ರೋಗದ ಸಾವುಗಳಲ್ಲಿ ಮಾತ್ರ ಖಚಿತವಾಗಿ ಹೇಳುವಂತಹ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತಮೂರನೆಯ ವರ್ಷದಲ್ಲಿ ಕಂಡಿತು. ಮೂವತ್ತನೆಯ ವರ್ಷದ ಹೊತ್ತಿಗೆ, ಮಾರ್ಗದರ್ಶನ ಪಡೆದವರಿಗೆ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿದ್ದೂ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂತಹ ಘಟನೆಗಳು ಶೇ. 26ರಷ್ಟು ಕಡಿಮೆಯಾದದ್ದೂ ಸಾಬೀತಾಯಿತು. ಹೃದಯ ಉಳಿದದ್ದನ್ನು ಕಾಗದದ ಮೇಲೆ ತೋರಿಸಲು ಎರಡು ದಶಕಕ್ಕೂ ಹೆಚ್ಚು ಬೇಕಾದ ಕೆಲಸದ ಬಗ್ಗೆ ನಮ್ಮನ್ನು ಮೂರು ತಿಂಗಳಿಗೊಮ್ಮೆ ‘ಪ್ರಗತಿ ತೃಪ್ತಿಕರವಾಗಿಲ್ಲ’ ಎಂದು ಗದರಿಸಲಾಗುತ್ತದೆ.

ಕೈಬಿಡದೆ ಹಿಡಿದುಕೊಂಡರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಫಿನ್ಲೆಂಡ್‌ನ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಲುಸಾಲಾಗಿ ಸಾಯುತ್ತಿದ್ದಾಗ ಅಲ್ಲಿನ ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು, 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ನೇತೃತ್ವದಲ್ಲಿ ಯೋಜನೆ ಆರಂಭವಾಯಿತು, ಮತ್ತು ಮೊದಲ ಐದು ವರ್ಷ ಮುಗಿದ ಮೇಲೂ ಅದನ್ನು ನಿಲ್ಲಿಸದೆ ಇಪ್ಪತ್ತೈದು ವರ್ಷ ನಡೆಸಿದರು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವುಗಳು ಮುಂದಿನ ದಶಕಗಳಲ್ಲಿ ಶೇ. 80ಕ್ಕಿಂತಲೂ ಹೆಚ್ಚು ಇಳಿದವು. ತಡೆಯ ಕೆಲಸಕ್ಕೆ ಹಣ ದಂಡ ಎನ್ನುವ ಅಧಿಕಾರಿಗಳು ಈ ಒಂದು ಪ್ರಾಂತ್ಯದ ಲೆಕ್ಕವನ್ನಾದರೂ ಓದಬೇಕು.

ಹಣವಿರುವ ದೇಶಗಳೂ ಇದನ್ನು ಕಲಿತಿಲ್ಲ ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿನ ಜೊತೆ ರೋಗತಡೆಗೆಂದೇ ಒಂದು ನಿಧಿ ಹುಟ್ಟಿತು, ಅದು ವರ್ಷಕ್ಕೆ 200 ಕೋಟಿ ಡಾಲರ್ ತಲುಪಬೇಕಿತ್ತು. 2012ರಲ್ಲೇ ಬೇರೆ ಖರ್ಚುಗಳನ್ನು ಸರಿದೂಗಿಸಲು ಅದರಿಂದ ಮುಂದಿನ ವರ್ಷಗಳ 625 ಕೋಟಿ ಡಾಲರ್ ಕಡಿತ ಮಾಡಲಾಯಿತು, 2016ರಲ್ಲಿ ಮತ್ತೆ ಕತ್ತರಿ ಬಿತ್ತು. ಮೇಲೆ ಹೇಳಿದ 3,234 ಜನರ ಅಧ್ಯಯನದಲ್ಲಿ ಉಳಿದವರನ್ನು ಸುಮಾರು ಮೂರು ದಶಕ ಬೆನ್ನುಬಿಡದೆ ಗಮನಿಸುತ್ತಾ ಬರಲಾಗಿತ್ತು. 2025ರ ಮಾರ್ಚ್‌ನಲ್ಲಿ ಆ ಅನುದಾನವನ್ನೂ ಏಕಾಏಕಿ ರದ್ದು ಮಾಡಿದರು. ಕಾರಣ ಅಧ್ಯಯನದ ಗುಣಮಟ್ಟವಾಗಿರಲಿಲ್ಲ. ಅದರ ಹಣ ಹಾದುಬರುತ್ತಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದೊಂದಿಗೆ ಸರ್ಕಾರಕ್ಕೆ ಇದ್ದ ಬೇರೆಯೇ ಜಗಳ. ಹೆಚ್ಚಿನವರು ನಡುವಯಸ್ಸಿನಲ್ಲಿ ಸೇರಿ ಈಗ ಮುಪ್ಪಿಗೆ ಬಂದಿರುವ ಆ ಸ್ವಯಂಸೇವಕರಿಗೆ ಆ ಜಗಳದಲ್ಲಿ ಯಾವ ಪಾತ್ರವೂ ಇರಲಿಲ್ಲ.

ನಮ್ಮಲ್ಲಿ ಹಣ ಬರುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಹೊರಗಿನವರು ‘ಸರ್ಕಾರ ಕೊಟ್ಟಿದೆ, ಇವರು ಖರ್ಚೇ ಮಾಡಿಲ್ಲ’ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ವರ್ಷದ ಆರಂಭದಲ್ಲಿ ಕ್ರಿಯಾಯೋಜನೆ ಕಳುಹಿಸುತ್ತೇವೆ. ಹಿಂದಿನ ವರ್ಷದ ಹಣ ಬಳಕೆ ಪ್ರಮಾಣಪತ್ರ ಬಂದಿಲ್ಲವೆಂದು ಮೊದಲ ಕಂತನ್ನು ತಡೆಹಿಡಿಯುತ್ತಾರೆ. ಹಿಂದಿನ ವರ್ಷದ ಕೊನೆಯ ಕಂತು ನಮ್ಮ ಕೈಸೇರಿದ್ದೇ ಆರ್ಥಿಕ ವರ್ಷದ ಕೊನೆಯ ವಾರದಲ್ಲಿ. ಅದನ್ನು ಖರ್ಚು ಮಾಡಲು ಆಗಿರುವುದಿಲ್ಲ, ಖರ್ಚಾಗದ್ದರಿಂದ ಪ್ರಮಾಣಪತ್ರ ಕೊಡಲು ಬರುವುದಿಲ್ಲ, ಪ್ರಮಾಣಪತ್ರ ಇಲ್ಲದ್ದರಿಂದ ಹೊಸ ಕಂತು ಇಲ್ಲ. ಈ ಸುತ್ತಿನಲ್ಲಿ ತಿಂಗಳುಗಳು ಕಳೆಯುತ್ತವೆ. ನಮ್ಮ ಗುತ್ತಿಗೆ ನವೀಕರಣವಾಗಿರುವುದಿಲ್ಲ, ಸಂಬಳ ಬಾಕಿ ಇರುತ್ತದೆ, ಬೇರೆ ಕೆಲಸ ಸಿಕ್ಕವರು ಹೊರಟುಹೋಗುತ್ತಾರೆ, ಅವರು ವರ್ಷಗಟ್ಟಲೆ ಕಟ್ಟಿಕೊಂಡ ಪರಿಚಯ ಮತ್ತು ವಿಶ್ವಾಸವೂ ಅವರೊಂದಿಗೇ ಹೋಗುತ್ತದೆ. ನಂತರ ಹಣ ಬಂದಾಗ, ಅದು ಲ್ಯಾಪ್ಸ್ ಆಗದಂತೆ ಕೂಡಲೇ ಮುಗಿಸಬೇಕೆಂಬ ಒತ್ತಡ ಬರುತ್ತದೆ.

ಆ ಒತ್ತಡದಲ್ಲಿ ಕೊಂಡ ಗ್ಲುಕೋಮೀಟರ್ ಸ್ಟ್ರಿಪ್‌ಗಳು ನಮ್ಮ ಕಪಾಟಿನ ಎರಡು ಅರೆಗಳಲ್ಲಿ ತುಂಬಿಕೊಂಡಿವೆ, ಡಬ್ಬಿಗಳ ಮೇಲಿನ ಅವಧಿ ಮುಗಿದಿದೆ. ಅವುಗಳನ್ನು ಬಳಸಿದರೆ ತಪ್ಪು ಅಂಕಿ ಬರಬಹುದು, ಎಸೆದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ. ಅದೇ ಕೋಣೆಯಲ್ಲಿರುವ ಬಿಪಿ ಯಂತ್ರದ ತೋಳುಪಟ್ಟಿಯ ವೆಲ್ಕ್ರೋ ಹಿಡಿತ ಕಳೆದುಕೊಂಡಿದೆ. ಗಾಳಿ ತುಂಬುವಾಗ ನರ್ಸ್ ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿಯುತ್ತಾರೆ. ದಪ್ಪ ತೋಳಿನವರಿಗೆ ಬೇಕಾದ ದೊಡ್ಡ ಪಟ್ಟಿ ನಮ್ಮಲ್ಲಿ ಇಲ್ಲ. ಚಿಕ್ಕ ಪಟ್ಟಿ ಕಟ್ಟಿದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಮತ್ತು ನಮ್ಮಲ್ಲಿಗೆ ಬರುವವರಲ್ಲಿ ದಪ್ಪ ತೋಳಿನವರೇ ಹೆಚ್ಚು. ಒಂದು ಪಟ್ಟಿ ಕೊಳ್ಳಲು ‘ಉಪಕರಣ’ ಎಂಬ ಲೆಕ್ಕಶೀರ್ಷಿಕೆಯಲ್ಲಿ ಹಣವಿಲ್ಲ. ‘ಪ್ರಚಾರ ಸಾಮಗ್ರಿ’ ಶೀರ್ಷಿಕೆಯಲ್ಲಿ ಬೇಕಾದಷ್ಟಿದೆ, ಆದರೆ ಆ ಶೀರ್ಷಿಕೆಯಿಂದ ಈ ಶೀರ್ಷಿಕೆಗೆ ಹಣ ವರ್ಗಾಯಿಸಲು ಅನುಮತಿ ಇಲ್ಲ. ಹಾಗಾಗಿ ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ ಎನ್ನುವ ಬ್ಯಾನರ್‌ಗಳನ್ನು ಮತ್ತೆ ಮತ್ತೆ ಮುದ್ರಿಸುತ್ತೇವೆ, ಬಂದವರ ಒತ್ತಡವನ್ನು ಸಡಿಲಗೊಂಡ ಪಟ್ಟಿಯಲ್ಲಿ ಅಳೆಯುತ್ತೇವೆ.

ಒಬ್ಬ ಮಹಿಳೆಯ ವಿಷಯವನ್ನು ಗುರುತು ಸಿಗದ ಹಾಗೆ ಹೇಳುತ್ತೇನೆ. ತಾಯಿ ಹೃದಯಾಘಾತದಿಂದ ತೀರಿಕೊಂಡಿದ್ದರಿಂದ ಹೆದರಿ ತಾವಾಗಿಯೇ ಬಂದವರು. ಎಚ್‌ಬಿಎ1ಸಿ 6.2 ಇತ್ತು. ಒಂದು ಭೇಟಿಯನ್ನೂ ತಪ್ಪಿಸಲಿಲ್ಲ, ತೂಕ ಇಳಿಯತೊಡಗಿತ್ತು, ಗುಂಪಿನ ಉಳಿದವರನ್ನೂ ನಡಿಗೆಗೆ ಹೊರಡಿಸುತ್ತಿದ್ದರು. ನಡುವೆ ಅನುದಾನ ನಿಂತಿತು, ಗುಂಪು ನಿಂತಿತು. “ಮೇಡಂ, ನಾವೇನಾದರೂ ಸರಿಯಾಗಿ ಮಾಡಲಿಲ್ಲವೇ?” ಎಂದು ಫೋನಿನಲ್ಲಿ ಕೇಳಿದರು. ಕಾರ್ಯಕ್ರಮ ಮತ್ತೆ ಆರಂಭವಾಗಿ ಅವರು ಬಂದಾಗ ಅಂಕಿ 6.8 ಆಗಿತ್ತು, ಅಂದರೆ ಮಧುಮೇಹದ ಗೆರೆಯನ್ನು ದಾಟಿತ್ತು. ತಡೆ ಕಾರ್ಯಕ್ರಮಕ್ಕೆ ಮಧುಮೇಹಿಗಳನ್ನು ಸೇರಿಸುವಂತಿಲ್ಲ ಎಂಬ ನಿಯಮದಂತೆ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಪುಸ್ತಕದಲ್ಲಿ ಅವರು ‘ಅನರ್ಹ’. ಹಣ ಸಕಾಲಕ್ಕೆ ಬಂದಿದ್ದರೆ ಅವರಿಗೆ ಮಧುಮೇಹ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವರಿಗೆ ಕೊಟ್ಟ ಮಾತನ್ನು ನಾವು ನಡೆಸಲಿಲ್ಲ ಎಂದು ಖಂಡಿತ ಹೇಳುತ್ತೇನೆ.

ವರದಿಯ ನಮೂನೆಯ ಬಗ್ಗೆಯೂ ಹೇಳಬೇಕು. ಅದರಲ್ಲಿ ಎಷ್ಟು ಜನರನ್ನು ತಪಾಸಣೆ ಮಾಡಲಾಯಿತು ಎಂಬುದಕ್ಕೆ ಕಾಲಂ ಇದೆ. ಅವರಲ್ಲಿ ಎಷ್ಟು ಜನರ ತೂಕ ಇಳಿಯಿತು, ಎಷ್ಟು ಜನರ ರಕ್ತದೊತ್ತಡ 140/90ರ ಕೆಳಗೆ ಉಳಿಯಿತು, ಒಂದು ವರ್ಷದ ನಂತರ ಎಷ್ಟು ಜನ ಸಂಪರ್ಕದಲ್ಲಿದ್ದಾರೆ ಎಂಬುದಕ್ಕೆ ಇಲ್ಲ. ತಪಾಸಣೆ ಮಾಡಿ ಬೆರಳಿಗೆ ಸೂಜಿ ಚುಚ್ಚಿ ಕಳುಹಿಸಿದರೆ ಯಾರ ಕಾಯಿಲೆಯೂ ನಿಲ್ಲುವುದಿಲ್ಲ. ಆದರೂ ಗುರಿ ಸಾಧನೆಯ ಪಟ್ಟಿಯಲ್ಲಿ ಮೇಲೆ ಬರುವುದು ಹೆಚ್ಚು ಬೆರಳು ಚುಚ್ಚಿದ ಕೇಂದ್ರ.

ಅತ್ತ, ಕಾಯಿಲೆ ಬಂದ ಮೇಲೆ ಡಯಾಲಿಸಿಸ್‌ಗೆ, ಸ್ಟೆಂಟ್‌ಗೆ, ಬೈಪಾಸ್‌ಗೆ ಸರ್ಕಾರ ಹಣ ಕೊಡುತ್ತದೆ, ಕೊಡಲೇಬೇಕು. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಮಧ್ಯದಲ್ಲಿ ‘ಈ ತ್ರೈಮಾಸಿಕದ ಕಂತು ಮುಗಿಯಿತು’ ಎಂದು ಯಾರೂ ವೈದ್ಯರನ್ನು ಹೊರಗೆ ಕರೆಯುವುದಿಲ್ಲ. ಜಗತ್ತಿನ ಒಟ್ಟು ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾಂಕ್ರಾಮಿಕವಲ್ಲದ ಕಾಯಿಲೆಗಳಿಂದಲೇ ಆಗುತ್ತಿದ್ದು, ಅದರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಮೊದಲ ಸ್ಥಾನದಲ್ಲಿವೆ. 2011ರಲ್ಲಿ ವಿಶ್ವಸಂಸ್ಥೆಯ ಉನ್ನತ ಮಟ್ಟದ ಸಭೆಯಲ್ಲಿ ಎಲ್ಲ ದೇಶಗಳೂ ಇದನ್ನು ಒಪ್ಪಿ ಘೋಷಣೆಗೆ ಸಮ್ಮತಿಸಿದವು. ಒಪ್ಪಿದ ಮೇಲೂ ತಡೆಯ ಕೆಲಸವನ್ನು ಪ್ರತಿ ವರ್ಷ ಹೊಸದಾಗಿ ಬೇಡಿ ಪಡೆಯಬೇಕಾದ ಸ್ಥಿತಿಯಲ್ಲಿಡುವುದು ಬೆಂಕಿ ಬಿದ್ದಾಗ ಬಾವಿ ತೋಡುವ ಆಡಳಿತ.

ನಾವು ಕೇಳುತ್ತಿರುವುದು ದೊಡ್ಡ ಮೊತ್ತವನ್ನೂ ಅಲ್ಲ. ಈಗ ಕೊಡುವ ಹಣವನ್ನೇ ಐದು ವರ್ಷಕ್ಕೆ ಒಟ್ಟಿಗೆ ಮಂಜೂರು ಮಾಡಿ, ಮೊದಲ ಕಂತನ್ನು ವರ್ಷದ ಮೊದಲ ತಿಂಗಳಲ್ಲೇ ಬಿಡುಗಡೆ ಮಾಡಲಿ. ಒಂದು ಶೀರ್ಷಿಕೆಯ ಉಳಿಕೆಯನ್ನು ಇನ್ನೊಂದಕ್ಕೆ ಬಳಸಲು ನಮ್ಮಂತಹ ಆರೋಗ್ಯ ಕೇಂದ್ರಗಳ ಮಟ್ಟದಲ್ಲೇ ಸಣ್ಣ ಪ್ರಮಾಣದ ಅಧಿಕಾರವಿರಲಿ. ಕಾರ್ಯಕ್ರಮದಲ್ಲಿದ್ದಾಗಲೇ ಮಧುಮೇಹಕ್ಕೆ ತಿರುಗಿದವರನ್ನು ಹೊರಹಾಕದೆ ಚಿಕಿತ್ಸೆಯ ಕಡೆಗೆ ಕೈಹಿಡಿದು ದಾಟಿಸುವ ಹೊಣೆಯನ್ನು ನಮಗೇ ವಹಿಸಲಿ, ಅದಕ್ಕೆ ಬೇಕಾದ ಒಬ್ಬ ಸಿಬ್ಬಂದಿಯ ಸಂಬಳವನ್ನು ಸೇರಿಸಲಿ.

ಈ ವರ್ಷದ ಆದೇಶ ಬಂದಿದೆ. ಹೊಸ ನೋಂದಣಿಯ ಗುರಿಯನ್ನು ಹೆಚ್ಚಿಸಿದ್ದಾರೆ. ಕಳೆದ ವರ್ಷ ನೋಂದಾಯಿಸಿಕೊಂಡು ಅರ್ಧಕ್ಕೆ ನಿಂತವರನ್ನು ಮುಂದುವರಿಸಲು ಅದರಲ್ಲಿ ಒಂದು ಸಾಲೂ ಇಲ್ಲ, ಒಂದು ಪೈಸೆಯೂ ಇಲ್ಲ. ಆ ಹಳೆಯ ಪಟ್ಟಿಯನ್ನು ಹೊಸ ಪ್ರಸ್ತಾವನೆಗೆ ಲಗತ್ತಿಸಿ, ಇವರ ಅನುಸರಣೆಗೆ ಹಣ ಯಾವ ಶೀರ್ಷಿಕೆಯಲ್ಲಿ ಸಿಗುತ್ತದೆ ಎಂದು ಲಿಖಿತವಾಗಿ ಕೇಳಿದ್ದೇನೆ, ಲಿಖಿತ ಉತ್ತರ ಬರುವವರೆಗೂ ಕೇಳುತ್ತಲೇ ಇರುತ್ತೇನೆ.