ಏಟು ಬೀಳುವುದನ್ನು ಕ್ಯಾಮೆರಾ ತೋರಿಸಬೇಕೆ?

ಕೌಟುಂಬಿಕ ಹಿಂಸೆಯ ಬಗ್ಗೆ ಬರುವ ಸಂಗೀತ ವಿಡಿಯೊಗಳು ಹೊಡೆತವನ್ನು ನೇರವಾಗಿ ಚಿತ್ರಿಸಬೇಕೆ, ಬೇಡವೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಕಾಣದಿದ್ದರೆ ಯಾರೂ ನಂಬುವುದಿಲ್ಲ

1991ರಲ್ಲಿ ಅಮೆರಿಕದ ಎರಡು ಕಂಟ್ರಿ ಸಂಗೀತ (ಅಲ್ಲಿನ ಹಳ್ಳಿಗಾಡಿನಲ್ಲಿ ಹುಟ್ಟಿದ ಸಂಗೀತ) ವಾಹಿನಿಗಳು ಗಾಯಕ ಗಾರ್ತ್ ಬ್ರೂಕ್ಸ್ ಅವರ ‘ದ ಥಂಡರ್ ರೋಲ್ಸ್’ ವಿಡಿಯೊದ ಪ್ರಸಾರವನ್ನು ನಿಲ್ಲಿಸಿದವು. ಹೆಂಡತಿಗೆ ಹೊಡೆಯುವ ಗಂಡನ ಪಾತ್ರದಲ್ಲಿ ಗಾಯಕರೇ ನಟಿಸಿದ್ದರು. ಧ್ವನಿಮುದ್ರಿಕೆಯ ಸಾಹಿತ್ಯದಲ್ಲಿ ಇದ್ದದ್ದು ಗಂಡನ ವಂಚನೆ ಮಾತ್ರ; ಹೊಡೆತವನ್ನು ತಂದದ್ದು ಚಿತ್ರ. ವಂಚನೆಯ ಹಾಡನ್ನು ಕೇಳಲು ಯಾರಿಗೂ ಮುಜುಗರವಿರಲಿಲ್ಲ, ಹೊಡೆತ ಕಣ್ಣಿಗೆ ಬಿದ್ದ ಕೂಡಲೇ ಗದ್ದಲವೆದ್ದಿತು. ಕಂಟ್ರಿ ಸಂಗೀತ ಸಂಘ ಅದೇ ವರ್ಷ ಅದಕ್ಕೆ ‘ವರ್ಷದ ವಿಡಿಯೊ’ ಪ್ರಶಸ್ತಿ ಕೊಟ್ಟಿತೆಂಬುದನ್ನೂ ಹೇಳಬೇಕು.

ಹೊಡೆತ ನಡೆಯುವ ಮನೆಯ ಪಕ್ಕದಲ್ಲಿರುವವರಿಗೆ ಕೇಳಿಸುವುದು ಗೋಡೆಯಾಚೆಯ ಸದ್ದು. ಮರುದಿನ ಕಾಣುವುದು ಉದ್ದ ತೋಳಿನ ಬಟ್ಟೆ, ‘ಬಾಗಿಲು ತಗುಲಿತು’ ಎಂಬ ಸಬೂಬು. ಈ ಅಪರಾಧ ಇಷ್ಟು ಕಾಲ ಬದುಕಿರುವುದೇ ಕಣ್ಣಿಗೆ ಕಾಣದೆ. ಸಭ್ಯತೆಯ ಹೆಸರಿನಲ್ಲಿ ಕ್ಯಾಮೆರಾವೂ ಮುಖ ತಿರುಗಿಸಿಕೊಂಡರೆ ಅನುಕೂಲವಾಗುವುದು ಹೊಡೆಯುವವನಿಗೆ.

ತೋರಿಸುವುದೆಂದರೆ ರಕ್ತ ಚೆಲ್ಲಾಡುವುದೆಂದು ತಿಳಿಯಬೇಕಿಲ್ಲ. ಹೆಗಲ ಮೇಲೆ ಹೊತ್ತ ಕ್ಯಾಮೆರಾ ಹೊತ್ತವನ ಉಸಿರಿನೊಂದಿಗೆ ಅಲುಗುತ್ತದೆ. ನೋಡುವವನು ತಾನೂ ಆ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದುಕೊಳ್ಳುತ್ತಾನೆ. ವೈಡ್ ಆ್ಯಂಗಲ್ ಲೆನ್ಸನ್ನು ಮನುಷ್ಯನಿಗೆ ತೀರಾ ಹತ್ತಿರ ಒಯ್ದರೆ ಚಾಚಿದ ಕೈ ಇಡೀ ಮುಖಕ್ಕಿಂತ ದೊಡ್ಡದಾಗುತ್ತದೆ, ಅವನ ಹಿಂದಿರುವ ಬಾಗಿಲು ಇದ್ದದ್ದಕ್ಕಿಂತ ದೂರ ಸರಿಯುತ್ತದೆ. ಹೆದರಿದವರ ಕಣ್ಣಿಗೆ ಕೋಣೆ ಕಾಣುವುದೇ ಹೀಗೆ. ಅದೇ ಕ್ಯಾಮೆರಾವನ್ನು ಸೊಂಟಕ್ಕಿಂತ ಕೆಳಗಿಳಿಸಿ, ಅರೆತೆರೆದ ಬಾಗಿಲ ಸಂದಿಯಿಂದ ಚಿತ್ರಿಸಿ ನೋಡಿ: ಇಷ್ಟು ಹೊತ್ತು ನೋಡುತ್ತಿದ್ದದ್ದು ಒಂದು ಮಗು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ನೂರು ಭಾಷಣಗಳಿಗೆ ಆಗದ ಕೆಲಸವನ್ನು ಈ ಒಂದು ಶಾಟ್ ಮಾಡುತ್ತದೆ.

ಇನ್ನೊಂದು ಕಾರಣವನ್ನು ವಿಮರ್ಶಕರು ಅಷ್ಟಾಗಿ ಗಮನಿಸುವುದಿಲ್ಲ. ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಹಿಂಸೆಯ ಚಕ್ರವೊಂದನ್ನು ವಿವರಿಸಿದರು: ಬಿಗುವು ಏರುತ್ತದೆ, ಏಟು ಬೀಳುತ್ತದೆ, ಆಮೇಲೆ ಕ್ಷಮೆ, ಕಣ್ಣೀರು, ಪ್ರೀತಿ, ಮತ್ತೆ ಬಿಗುವು. ಎಲ್ಲ ಮನೆಗಳಲ್ಲೂ ಹೀಗೆಯೇ ನಡೆಯುತ್ತದೆಂದಲ್ಲ, ಆದರೆ ನಡೆಯುವ ಕಡೆ ಇದನ್ನು ಹೇಳಲು ಹಾಡಿಗಿಂತ ಒಳ್ಳೆಯ ಆಕಾರ ಸಿಗುವುದಿಲ್ಲ. ಪ್ರತಿ ಚರಣದ ಕೊನೆಗೂ ಪಲ್ಲವಿ ಮರಳುತ್ತದೆ. ಮೊದಲ ಪಲ್ಲವಿಯಲ್ಲಿ ಅಪ್ಪುಗೆಯಾಗಿ ಕಂಡ ಶಾಟ್, ಅದೇ ಕೋನದಲ್ಲಿ, ಅದೇ ಬೆಳಕಿನಲ್ಲಿ ಮೂರನೆಯ ಸಲ ಬಂದಾಗ ಬೇಡಿಯಾಗಿ ಕಾಣಬಲ್ಲದು. ‘ಅವಳು ಬಿಟ್ಟು ಹೋಗಬಾರದಿತ್ತೇ’ ಎಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಯಾವುದಿದೆ? ಆ ಉತ್ತರ ಕೊಡಬೇಕಾದರೆ ಏಟನ್ನೂ ತೋರಿಸಬೇಕು, ಅಪ್ಪುಗೆಯನ್ನೂ ತೋರಿಸಬೇಕು. ಒಂದನ್ನು ಮುಚ್ಚಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ವಿರೋಧ: ತಾಳಕ್ಕೆ ಬಿದ್ದ ಏಟು

ನಿಮಿಷಕ್ಕೆ ತಾಳದ 120 ಪೆಟ್ಟುಗಳಿರುವ ಹಾಡೊಂದನ್ನು ತೆಗೆದುಕೊಳ್ಳಿ. ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ 12 ಫ್ರೇಮ್, ಅಂದರೆ 12 ಬಿಡಿ ಚಿತ್ರ. ಸಂಕಲನಕಾರ ಡ್ರಮ್ಮಿನ ಪೆಟ್ಟು ಬೀಳುವ ಫ್ರೇಮನ್ನು ಗುರುತಿಟ್ಟುಕೊಂಡು, ಕೈ ಕೆನ್ನೆಗೆ ತಗಲುವ ಫ್ರೇಮನ್ನು ಅದರ ಮೇಲೆ ಕೂರಿಸುತ್ತಾನೆ. ಅವನ ಕಸುಬು ಅದೇ, ತಪ್ಪು ಅವನದಲ್ಲ. ತಾಳಕ್ಕೆ ಸರಿಯಾಗಿ ಕೂತ ಕಟ್ ನೋಡುಗನ ಮೈಗೆ ಹಿತವಾಗುತ್ತದೆ, ಕಾಲು ತಾನಾಗಿ ಕುಣಿಯುತ್ತದೆ. ಕುಣಿಸುತ್ತಿರುವುದು ಒಂದು ಕಪಾಳಮೋಕ್ಷ. ಇದನ್ನು ಅರಿವು ಮೂಡಿಸುವುದು ಎನ್ನುತ್ತಾರೆ!

ಸದ್ದಿನ ಕಥೆ ಇನ್ನೂ ವಿಚಿತ್ರ. ತೆರೆಯ ಮೇಲಿನ ಹೊಡೆತ ನಟನೆ: ಕೈಗೂ ಕೆನ್ನೆಗೂ ನಡುವಿನ ಅಂತರ ಕಾಣದಂತೆ ಒಬ್ಬ ನಟನ ಬೆನ್ನ ಹಿಂದೆ ಕ್ಯಾಮೆರಾ ಇಡುತ್ತಾರೆ, ಚಟೀರ್ ಸದ್ದನ್ನು ಆಮೇಲೆ ಸೇರಿಸುತ್ತಾರೆ. ಸಿನಿಮಾದಲ್ಲಿ ಅರ್ಧ ನೋವು ಬರುವುದು ಆ ಸದ್ದಿನಿಂದ. ಸಂಗೀತ ವಿಡಿಯೊದಲ್ಲಿ ಸಾಮಾನ್ಯವಾಗಿ ಆ ಸದ್ದೂ ಇಲ್ಲ, ಕಿರುಚಾಟವೂ ಇಲ್ಲ; ಹಾಡು ಎಲ್ಲವನ್ನೂ ನುಂಗಿಹಾಕಿರುತ್ತದೆ. ಬಾಯಿ ತೆರೆದ ಹೆಂಗಸಿನ ಮೇಲೆ ಇಂಪಾದ ಕಂಠವೊಂದು ಹರಿಯುತ್ತಿರುತ್ತದೆ. ಗೋಡೆಯಾಚೆಯ ನೆರೆಮನೆಯವರಿಗೆ ಕೇಳಿಸುವಷ್ಟೂ ನಮಗೆ ಕೇಳಿಸುವುದಿಲ್ಲ.

ಸ್ಲೋ ಮೋಷನ್ ಇದಕ್ಕೆ ಮೆರುಗು ಕೊಡುತ್ತದೆ. ಸೆಕೆಂಡಿಗೆ 48 ಫ್ರೇಮ್‌ನಲ್ಲಿ ಚಿತ್ರಿಸುವಾಗ ಸೆಟ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸುತ್ತಾರೆ, ಗಾಯಕಿ ಆ ವೇಗಕ್ಕೆ ತುಟಿ ಕೂಡಿಸುತ್ತಾಳೆ. ಕೊನೆಗೆ 24ಕ್ಕೆ ಓಡಿಸಿದಾಗ ತುಟಿ ಹಾಡಿನೊಂದಿಗೆ ಇರುತ್ತದೆ, ಕೂದಲು ಮಾತ್ರ ನೀರಿನಲ್ಲಿ ತೇಲುವಂತೆ ಹಾರುತ್ತದೆ. ಶೋಭೆಗೆಂದು ಕಂಡುಕೊಂಡ ಉಪಾಯ ಇದು. ಗೋಡೆಗೆ ತಳ್ಳಲ್ಪಟ್ಟವಳ ಕೂದಲು ಹಾಗೆ ಹಾರುವುದನ್ನು ಹಿಂಬೆಳಕಿನಲ್ಲಿ ನೋಡಿದವನು ಗಾಬರಿಯಾಗುತ್ತಾನೆಯೇ, ಬೆರಗಾಗುತ್ತಾನೆಯೇ?

ಎಮಿನೆಮ್ ಮತ್ತು ರಿಹಾನಾ ಅವರ ‘ಲವ್ ದ ವೇ ಯೂ ಲೈ’ ವಿಡಿಯೊ 2010ರಲ್ಲಿ ಬಂದಾಗ ಜಗಳವೂ ಹೊಡೆದಾಟವೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಇದ್ದವು. ರಿಹಾನಾ ಸ್ವತಃ ಅದಕ್ಕೂ ಒಂದು ವರ್ಷ ಮುಂಚೆ ಸಂಗಾತಿಯಿಂದ ಏಟು ತಿಂದವರು, ಹಾಗಾಗಿ ಆ ಕಂಠದ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಚಿತ್ರದ ಬಗ್ಗೆ ಇದೆ. ಜೋಡಿಯಾಗಿ ಬಂದವರು ಮೇಗನ್ ಫಾಕ್ಸ್ ಮತ್ತು ಡೊಮಿನಿಕ್ ಮೊನಗನ್, ಇಬ್ಬರೂ ಹೆಸರಾಂತ ತಾರೆಯರು. ಹಿನ್ನೆಲೆಯಲ್ಲಿ ಮನೆ ಧಗಧಗ ಉರಿಯುತ್ತದೆ. ಬೆಂಕಿ ಯಾವ ಕ್ಯಾಮೆರಾದಲ್ಲೂ ಚೆನ್ನಾಗಿಯೇ ಕಾಣುತ್ತದೆ. ಮುತ್ತು, ಏಟು, ಜ್ವಾಲೆ ಒಂದರ ಹಿಂದೊಂದು ಬಂದಾಗ ಮೂರಕ್ಕೂ ಒಂದೇ ಹೊಂಬಣ್ಣ. ಪಲ್ಲವಿಯ ಮರುಕಳಿಕೆಯೇ ಹಿಂಸೆಯ ಚಕ್ರ ಎನ್ನುವವರ ಮಾತು ಕೇಳಲು ಚೆನ್ನಾಗಿದೆ. ಆದರೆ ಪಲ್ಲವಿಗಾಗಿ ಕೇಳುಗ ಕಾದು ಕುಳಿತಿರುತ್ತಾನೆ, ಬಂದಾಗ ಜೊತೆಗೂಡಿ ಹಾಡುತ್ತಾನೆ. ಆ ಮನೆಯೊಳಗಿನವಳು ಮುಂದಿನ ಸುತ್ತಿಗಾಗಿ ಹೀಗೆ ಕಾಯುತ್ತಾಳೆಯೇ?

ಇಷ್ಟೆಲ್ಲ ಆದಮೇಲೂ ಏಟು ಹಿಂಸೆಯ ಒಂದು ತುಣುಕು ಮಾತ್ರ. ಸಂಬಳ ಕಿತ್ತುಕೊಳ್ಳುವುದು, ಮೊಬೈಲ್ ತಪಾಸಣೆ ಮಾಡುವುದು, ಗೆಳತಿಯರ ಭೇಟಿ ತಪ್ಪಿಸುವುದು, ಎಲ್ಲಿಗೆ ಹೊರಟೆ ಎಂದು ದಿನವೂ ಕೇಳುವುದು: ಇವನ್ನೆಲ್ಲ ಕಾನೂನು ಗುರುತಿಸಿದೆ. ಭಾರತದ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾತಿನ, ಭಾವನೆಯ, ಹಣಕಾಸಿನ ಹಿಂಸೆಯೂ ಸೇರಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ 2015ರಲ್ಲಿ ಮಾಡಿದ ಕಾನೂನು ಅಂಕೆಯಲ್ಲಿಟ್ಟುಕೊಂಡು ಪೀಡಿಸುವುದನ್ನೇ ಅಪರಾಧವೆಂದಿತು. ಹಾಡಿನ ಕ್ಯಾಮೆರಾ ಮಾತ್ರ ಇನ್ನೂ ಕಪ್ಪುಗಟ್ಟಿದ ಕಣ್ಣನ್ನೇ ಹುಡುಕುತ್ತಿದೆ, ಏಕೆಂದರೆ ಅದನ್ನು ಕ್ಲೋಸಪ್ಪಿನಲ್ಲಿ ಹಿಡಿಯಬಹುದು.

ತೋರಿಸದೆಯೂ ಹೇಳಬಹುದು ಎಂಬುದಕ್ಕೆ 2016ರ ‘ಚೆರ್ರಿ ವೈನ್’ ವಿಡಿಯೊ ಇದೆ. ಗಾಯಕ ಹೋಝಿಯರ್ ಅವರ ಹಾಡು, ನಟಿ ಸರ್ಶಾ ರೋನನ್. ಕನ್ನಡಿಯ ಮುಂದೆ ಕುಳಿತವಳು ಮುಖದ ಬಣ್ಣ ಒರೆಸಿಕೊಳ್ಳುತ್ತಾ ಹೋಗುತ್ತಾಳೆ. ಕಣ್ಣಿನ ಬಳಿಯ ಗಾಯ ಹೊರಬರುತ್ತದೆ. ಅವಸರದ ಕಟ್‌ಗಳಿಲ್ಲ, ಹಿನ್ನೆಲೆಯ ಹಾಡೂ ಮೆಲ್ಲನೆಯದು. ನನಗೆ ತಿಳಿದಂತೆ ಈ ವಿಷಯದಲ್ಲಿ ಬಂದ ಅತ್ಯಂತ ಸಂಯಮದ ಚಿತ್ರಣಗಳಲ್ಲಿ ಇದೊಂದು. ಒಂದೇ ತಕರಾರು: ಹಾಡಿನ ಸಾಹಿತ್ಯದಲ್ಲಿ ಪೆಟ್ಟು ತಿನ್ನುವವನು ಗಂಡಸು. ಹಾಡು ಚಿತ್ರವಾಗುವಷ್ಟರಲ್ಲಿ ಅವನು ಮಾಯವಾಗಿದ್ದಾನೆ. ಗಾಯಕ್ಕೂ ಒಂದು ಪರಿಚಿತ ಮುಖ ಬೇಕೆಂದು ಸಂಯಮವುಳ್ಳ ಕ್ಯಾಮೆರಾಕ್ಕೂ ಅನಿಸಿರಬೇಕು.

ಇನ್ನು ವಿಡಿಯೊದ ತುದಿಯಲ್ಲಿ, ಕಪ್ಪು ತೆರೆಯ ಮೇಲೆ, ಬಿಳಿ ಅಕ್ಷರದಲ್ಲಿ ಮೂಡುವ ಸಹಾಯವಾಣಿ ಸಂಖ್ಯೆ. ನಾಲ್ಕು ನಿಮಿಷದ ಬೆಂಕಿ, ಮುತ್ತು, ಏಟುಗಳ ಲೆಕ್ಕವನ್ನು ಆ ಕೆಲವು ಸೆಕೆಂಡುಗಳು ತೀರಿಸುತ್ತವೆ ಎಂದು ನಿರ್ಮಾಪಕರು ನಂಬಿರುತ್ತಾರೆ. ನೋಡುಗ ಆಗಲೇ ಮುಂದಿನ ಹಾಡಿಗೆ ಹೋಗಿರುತ್ತಾನೆ.