ಲಂಬ ಎಳೆದರೆ ಅರ್ಧ ಮಾರ್ಕು

ಅಕ್ಕನ ಮಗ ಈ ಸಲ ಎಸ್ಸೆಸ್ಸೆಲ್ಸಿ. ಗಣಿತ ಅಂದರೆ ಮೈಮೇಲೆ ಹಾವು ಬಿದ್ದ ಹಾಗೆ ಮಾಡುತ್ತಾನೆ. ಮೊನ್ನೆ ಭಾನುವಾರ "ಸ್ವಲ್ಪ ಹೇಳಿಕೊಡೋ" ಅಂತ ಅಕ್ಕ ನನ್ನನ್ನು ಅವನ ಮುಂದೆ ಕೂರಿಸಿದಳು. ಮೇಜಿನ ಮೇಲೆ ಪಠ್ಯಪುಸ್ತಕ ಕಾಣಲಿಲ್ಲ. ಇದ್ದದ್ದು ಶಾಲೆಯವರೇ ಜೆರಾಕ್ಸ್ ಮಾಡಿಸಿ ಕೊಟ್ಟ 'ಪಾಸಿಂಗ್ ಪ್ಯಾಕೇಜ್'. ತಿರುಪತಿ ಪ್ಯಾಕೇಜ್ ಇರುತ್ತಲ್ಲ, ಹಾಗೆ. ಸುಮ್ನೆ ಬಸ್ಸಲ್ಲಿ ಕೂತರಾಯಿತು, ದರ್ಶನ ಅವರೇ ಮಾಡಿಸುತ್ತಾರೆ.

ಮೊದಲ ಪುಟದಲ್ಲೇ ಥೇಲ್ಸ್ ಪ್ರಮೇಯ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಅದು ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಕತ್ತರಿಸುತ್ತದೆ ಅನ್ನುವುದು. ಹೇಳು ನೋಡೋಣ ಅಂದೆ. ಹುಡುಗ ಕಣ್ಣು ಮುಚ್ಚಿ ಶುರು ಹಚ್ಚಿಕೊಂಡ. ದತ್ತ: ತ್ರಿಭುಜ ಎಬಿಸಿಯಲ್ಲಿ ಡಿಇ ಸಮಾಂತರ ಬಿಸಿ (ಕಾಫಿಯಲ್ಲ, ರೇಖೆ). ಸಾಧನೀಯ ಇಂಥದ್ದು. ರಚನೆ: ಬಿಇ, ಸಿಡಿ ಸೇರಿಸಿ, ಇಎನ್ ಲಂಬ ಎಬಿ, ಡಿಎಂ ಲಂಬ ಎಸಿ. ಥೇಟ್ ವಿಷ್ಣು ಸಹಸ್ರನಾಮ. ಉಸಿರು ಎಳೆದುಕೊಳ್ಳುವ ಜಾಗವೂ ಬಾಯಿಪಾಠ.

"ಆ ಲಂಬ ಯಾಕೋ ಎಳೆದೆ?"

"ಅದಕ್ಕೆ ಅರ್ಧ ಮಾರ್ಕು ಮಾವ."

ನಾನು ತ್ರಿಭುಜವನ್ನು ತಲೆಕೆಳಗು ಮಾಡಿ ಬರೆದೆ. ಮೂಲೆಗಳಿಗೆ ಪಿ, ಕ್ಯೂ, ಆರ್ ಅಂತ ಹೆಸರಿಟ್ಟೆ. ಹುಡುಗ ಒಂದು ನಿಮಿಷ ದಿಟ್ಟಿಸಿದ. "ಇದು ಪ್ಯಾಕೇಜಲ್ಲಿಲ್ಲ" ಅಂದ. ಹಳೇ ಗ್ರೀಕ್ ಪಂಡಿತ ಥೇಲ್ಸ್ ಮಹಾಶಯ ಪಿರಮಿಡ್ಡಿನ ನೆರಳು ನೋಡಿ ಅದರ ಎತ್ತರ ಹೇಳಿದ ಅಂತ ಕತೆ ಇದೆ. ಪಾಪ, 'ದತ್ತ' ಅಂತ ಬರೆದು ಅಡಿಗೆರೆ ಎಳೆಯಲಿಲ್ಲ. ನಮ್ಮಲ್ಲಾಗಿದ್ದರೆ ಫೇಲು.

ನಾಲ್ಕು ಮಾರ್ಕಿನ ಪ್ರಮೇಯವನ್ನು ಬಿಡಿಸಿದರೆ ಸಿಗುವ ತಿರುಳು ಇದು. ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ. ಅಲ್ಲಿಗೆ ಎರಡಾಯಿತು. ಇನ್ನೂ ಏನೂ ಸಾಧಿಸಿಲ್ಲ! ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಅಂದವಾಗಿ ಬರೆದಿಟ್ಟು ಎದ್ದು ಬಂದರೂ ಅರ್ಧ ಪ್ರಮೇಯ ನಮ್ಮದೇ. ಸರ್ಕಾರಿ ಕಚೇರಿಯ ಕಡತಕ್ಕೆ ಬೇಕಾದ ತರಬೇತಿ ಇಲ್ಲಿಂದಲೇ ಶುರು ನೋಡಿ.

"ಉಳಿದ ಪಾಠ ಓದಲ್ವೇನೋ?" ಅಂದೆ. ಹುಡುಗ ನನ್ನನ್ನು ಕನಿಕರದಿಂದ ನೋಡಿ ಹಾಳೆ ಎಳೆದುಕೊಂಡ.

2025-26ರಿಂದ ಪ್ರತಿ ವಿಷಯಕ್ಕೆ ಕನಿಷ್ಠ 30 ಬಂದರೆ ಸಾಕು, ಆಂತರಿಕ ಅಂಕವೂ ಸೇರಿ. ಗಣಿತದಲ್ಲಿ ಆಂತರಿಕ 20. ಅವನ ಶಾಲೆಯಲ್ಲಿ ಅದು ಮದುವೆ ಮನೆಯ ತಾಂಬೂಲದ ಹಾಗೆ, ಬಂದವರಿಗೆಲ್ಲ ಉಂಟು. ಹಾಗಾದರೆ 80ರ ಪತ್ರಿಕೆಯಲ್ಲಿ ಬೇಕಾದ್ದು 10. ಪ್ರಮೇಯ 4. ನಕ್ಷೆ ಬಿಡಿಸುವ ಲೆಕ್ಕ 4. ಆಯ್ಕೆ ಪ್ರಶ್ನೆ ಎಂಟು, ಒಂದೊಂದಕ್ಕೂ ನಾಲ್ಕು ಉತ್ತರ. ಕಣ್ಣು ಮುಚ್ಚಿ ಎಲ್ಲಕ್ಕೂ 'ಬಿ' ಅಂತ ಬರೆದರೆ ಎಂಟರಲ್ಲಿ ನಾಲ್ಕನೇ ಒಂದು ಪಾಲು, ಅಂದರೆ 2 ಬರುವ ಸಂಭವ. ಒಟ್ಟು 10.

ಅಷ್ಟಕ್ಕೇ ನಿಲ್ಲಲಿಲ್ಲ. ಒಟ್ಟು 625ಕ್ಕೆ 206 ಬೇಕು. ಆರೂ ವಿಷಯದ ಆಂತರಿಕ ಅಂಕ ಪೂರ್ತಿ ಬಂದರೆ 125. ಇನ್ನು 500ಕ್ಕೆ 81 ಬರೆದರೆ ಪಾಸು. ಶೇಕಡಾ 16.2, ಅದನ್ನೂ ಅವನೇ ಹೇಳಿದ. ಆಮೇಲೆ ತಲೆ ಕೆರೆದುಕೊಂಡು, "ಮಾವ, 33 ಪರ್ಸೆಂಟ್ ಅಂತಾರೆ. 625ಕ್ಕೆ ಅದು 206.25 ಆಗಬೇಕಲ್ವಾ? ಕಾಲು ಮಾರ್ಕು ಎಲ್ಲಿ ಹೋಯ್ತು?" ಅಂದ.

ಎಲ್ಲಿ ಹೋಯಿತೋ! ಕೂಡುವ ಕಳೆಯುವ ವಿಷಯದಲ್ಲಿ ನಮ್ಮ ಇಲಾಖೆ ಯಾವತ್ತೂ ಉದಾರಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿಸಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಗೋಡೆ ಮೇಲಿನ ಆ ಕರಿ ಕಣ್ಣು ಒಂದು ಮಾತೂ ಆಡದೆ ಇಡೀ ರಾಜ್ಯಕ್ಕೆ ವ್ಯವಕಲನ ಕಲಿಸಿತು. ಅದೂ ಹೇಗೆ? ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ ಸಂಕಲನ ಮಾಡಿದ ಮೇಲೂ! ಮರುವರ್ಷ ಆ ಗ್ರೇಸ್ ತೆಗೆದರು. ಅದರ ಮರುವರ್ಷ ಪಾಸಿನ ಗೆರೆಯನ್ನೇ ಕೆಳಗೆ ಎಳೆದರು. ಹೈಜಂಪಿನಲ್ಲಿ ಹುಡುಗರು ಹಾರದಿದ್ದರೆ ಕೋಲನ್ನು ನೆಲಕ್ಕೆ ಇಟ್ಟು "ದಾಟಿ ಮಕ್ಕಳೇ" ಅಂದ ಹಾಗೆ.

ಅಷ್ಟರಲ್ಲಿ ಅಕ್ಕ ಕಾಫಿ ತಂದಳು. "ಹೆಂಗೋ? ಲೆಕ್ಕ ಬರುತ್ತಾ ಇವನಿಗೆ?"

ಏನು ಹೇಳಲಿ? ಹತ್ತು ನಿಮಿಷದಲ್ಲಿ ಹುಡುಗ ಶೇಕಡಾವಾರು ಮಾಡಿದ್ದ, ಸಂಭವನೀಯತೆ ಮಾಡಿದ್ದ, ಇಲಾಖೆಯ ಕಾಲು ಮಾರ್ಕನ್ನೂ ಹಿಡಿದಿದ್ದ. ಒಂದು ಕಡೆಯೂ ತಪ್ಪಿಲ್ಲ. "ಆ ಹಾಳೆ ಇಟ್ಟುಕೋ" ಅಂದೆ.

ಅವನು ಅದನ್ನು ಮುದುಡಿ ಕಿಟಕಿಯಾಚೆ ಎಸೆದ.

"ರಫ್ ವರ್ಕ್ ಮಾವ. ಅದಕ್ಕೆ ಮಾರ್ಕಿಲ್ಲ."